ಹಳಿ ಕಿತ್ತ ದಾರಿಯಲ್ಲಿ ಸೈಕಲ್ಲು

ಉಗಿ ಇಂಜಿನ್ನಿಗೆ ಏರು ಅಂದರೆ ಆಗುತ್ತಿರಲಿಲ್ಲ. ಕಬ್ಬಿಣದ ಹಳಿ, ಕಬ್ಬಿಣದ ಚಕ್ರ. ದಾರಿ ಸ್ವಲ್ಪ ಕಡಿದಾದರೂ ಚಕ್ರ ಜಾರುತ್ತದೆ. ಹಾಗಾಗಿ ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಓಟಾಗೊ ಸೆಂಟ್ರಲ್ ರೈಲು ಮಾರ್ಗ ಹಾಕಿದವರು ಬೆಟ್ಟ ಎದುರಾದಾಗ ಸುತ್ತು ಹಾಕಿದರು. ಕಣಿವೆ ಸಿಕ್ಕಿದರೆ ಸೇತುವೆ ಕಟ್ಟಿದರು. ಎರಡೂ ಆಗದ ಕಡೆ ಬಂಡೆ ಕೊರೆದರು. ಇವತ್ತು ಸೈಕಲ್ ದಾರಿಯಾಗಿರುವ ಅದರ 152 ಕಿಲೋಮೀಟರ್‌ನಲ್ಲಿ ಅತಿ ಕಡಿದಾದ ಕಡೆಯೂ 50 ಮೀಟರ್ ಮುಂದೆ ಹೋದರೆ ಏರುವುದು ಒಂದೇ ಮೀಟರ್. ಇಂಜಿನ್ನು ಪಟ್ಟ ಪಾಡಿನ ಲಾಭವೆಲ್ಲ ನನ್ನ ಮೊಣಕಾಲಿಗೆ.

ಈ ಮಾರ್ಗದ ಕೆಲಸ ಶುರುವಾಗಿದ್ದು 1879ರಲ್ಲಿ, ಡನೀಡನ್ ಪಟ್ಟಣದ ಪಕ್ಕದಿಂದ. ಆಮೆಗಿಂತ ನಿಧಾನ. ಮಿಡಲ್‌ಮಾರ್ಚ್ ಮುಟ್ಟಿದ್ದು 1891ಕ್ಕೆ, ರಾನ್‌ಫರ್ಲಿ 1898ಕ್ಕೆ, ಕ್ಲೈಡ್ 1907ಕ್ಕೆ, ಕೊನೆಯ ಊರು ಕ್ರಾಮ್ವೆಲ್ 1921ಕ್ಕೆ. ಕುರಿ, ಉಣ್ಣೆ, ಹಣ್ಣು, ಜನ ಎಲ್ಲ ಇದರ ಮೇಲೇ ಓಡಾಡಿದವು. ಆಮೇಲೆ ಲಾರಿಗಳು ಬಂದವು. ಕ್ಲೈಡ್‌ನಲ್ಲಿ ದೊಡ್ಡ ಅಣೆಕಟ್ಟು ಕಟ್ಟುವುದೆಂದಾದಾಗ, ಕ್ರಾಮ್ವೆಲ್‌ವರೆಗಿನ ತುಂಡು ನೀರಿನಡಿ ಹೋಗುತ್ತದೆ ಅಂತ 1980ರಲ್ಲೇ ಅದನ್ನು ಮುಚ್ಚಿದರು. ಮಿಕ್ಕ ಮಾರ್ಗ ಇನ್ನೊಂದು ಹತ್ತು ವರ್ಷ ಉಳಿದದ್ದು ಅದೇ ಅಣೆಕಟ್ಟಿಗೆ ಸಾಮಾನು ಸಾಗಿಸಲು! ಆ ಕೆಲಸವೂ ಮುಗಿಯಿತು, 1990ರಲ್ಲಿ ರೈಲು ನಿಂತಿತು. ಹಳಿ ಕಿತ್ತರು. 1993ರಲ್ಲಿ ಸರ್ಕಾರದ ಸಂರಕ್ಷಣಾ ಇಲಾಖೆ ಈ ಜಾಗವನ್ನು ತೆಗೆದುಕೊಂಡಿತು. ಜಲ್ಲಿ ಸಮ ಮಾಡಿ, ಸೇತುವೆಗಳಿಗೆ ಹಲಗೆ ಹಾಸಿ, ಬದಿಗೆ ಹಿಡಿಕಂಬಿ ಕಟ್ಟಿ, 2000ದ ಫೆಬ್ರವರಿಯಲ್ಲಿ ಇಡೀ ದಾರಿಯನ್ನು ಸೈಕಲ್ಲು, ಕುದುರೆ, ಕಾಲ್ನಡಿಗೆಯವರಿಗೆ ಬಿಟ್ಟುಕೊಟ್ಟರು.

ನನ್ನ ಅಕ್ಕ ಇರುವುದು ಡನೀಡನ್‌ನಲ್ಲಿ. ಏಪ್ರಿಲ್‌ನಲ್ಲಿ ಅವಳಿಗೆ ರಜೆ ಸಿಕ್ಕಿತು. ಅಲ್ಲಿ ಅದು ಎಲೆ ಉದುರುವ ಕಾಲ. ಕ್ಲೈಡ್‌ನಲ್ಲಿ ಬಾಡಿಗೆ ಸೈಕಲ್ಲು ತೆಗೆದುಕೊಳ್ಳುವುದು, ಮಿಡಲ್‌ಮಾರ್ಚ್‌ನಲ್ಲಿ ವಾಪಸ್ ಕೊಡುವುದು, ದೊಡ್ಡ ಬ್ಯಾಗುಗಳನ್ನು ವ್ಯಾನಿನವರು ಊರಿಂದೂರಿಗೆ ತಲುಪಿಸುವುದು, ಹೀಗೆ ಮಾತಾಯಿತು. ಅಕ್ಕ ಬ್ಯಾಟರಿ ಸೈಕಲ್ಲೇ ಬೇಕು ಅಂದಳು. ನಾನು ಸಾದಾ ಸೈಕಲ್ಲು ಆರಿಸಿದೆ.

"ಜಂಬ ಜಾಸ್ತಿ ಕಣೇ ನಿಂಗೆ. ಎದುರುಗಾಳಿ ಬಂದಾಗ ನೋಡ್ತೀನಿ," ಅಂದಳು.

ಮೊದಲ ದಿನ: ಕ್ಲೈಡ್‌ನಿಂದ ಓಫಿರ್

ಕ್ಲೈಡ್ ಚಿಕ್ಕ ಊರು. ಒಂದು ಮುಖ್ಯ ಬೀದಿ, ಎರಡೂ ಕಡೆ ಹಳೇ ಕಲ್ಲಿನ ಕಟ್ಟಡಗಳು. 1862ರಲ್ಲಿ ಹಾರ್ಟ್ಲಿ ಮತ್ತು ರೈಲಿ ಅನ್ನುವ ಇಬ್ಬರು ಈ ಕಡೆಯ ನದಿಯಿಂದ ತೆಗೆದ 87 ಪೌಂಡ್ ಚಿನ್ನವನ್ನು ಡನೀಡನ್‌ಗೆ ಒಯ್ದು ತೋರಿಸಿದರು. ಸುಮಾರು 40 ಕಿಲೋ! ಮರುದಿನದಿಂದಲೇ ಜನ ಗುದ್ದಲಿ ಹಿಡಿದು ಇತ್ತ ಓಡಿಬಂದರು. ಚಿನ್ನದ ಆರ್ಭಟ ಇಳಿದು ಎಷ್ಟೋ ವರ್ಷವಾದ ಮೇಲೆ ರೈಲು ಬಂತು. ಅಷ್ಟು ಹೊತ್ತಿಗೆ ಸಾಗಿಸಲು ಉಳಿದಿದ್ದು ಕುರಿ ಮತ್ತು ಹಣ್ಣು.

ನ್ಯೂಜಿಲೆಂಡಿನಲ್ಲಿ ಹೆಲ್ಮೆಟ್ ಇಲ್ಲದೆ ಸೈಕಲ್ ಹೊಡೆಯುವಂತಿಲ್ಲ, ಕಾನೂನು. ತಲೆಗೆ ಬಿಗಿದುಕೊಂಡು ಹೊರಟೆವು. ಮೊದಲ ಎಂಟು ಕಿಲೋಮೀಟರ್ ಅಲೆಕ್ಸಾಂಡ್ರಾವರೆಗೆ. ಇದು ಸೀದಾ, ಸಪಾಟು, ನಿಜ ಹೇಳಬೇಕೆಂದರೆ ಸ್ವಲ್ಪ ಸಪ್ಪೆ. ಹಿತ್ತಲುಗಳು, ಹಣ್ಣಿನ ತೋಟಗಳು. ಅಲೆಕ್ಸಾಂಡ್ರಾದ ಬೆಟ್ಟದ ಮೈಗೆ 11 ಮೀಟರ್ ಅಗಲದ ಗಡಿಯಾರ ಕಟ್ಟಿದ್ದಾರೆ. ಊರಿನ ಯಾವ ಮೂಲೆಯಿಂದ ನೋಡಿದರೂ ತಡವಾಯಿತು ಅಂತ ಗೊತ್ತಾಗುತ್ತದೆ. ನಮಗೂ ಗೊತ್ತಾಯಿತು. ಅಕ್ಕ ಕಾಫಿಗೆ ಕೂತವಳು ಏಳಲೇ ಇಲ್ಲ.

ಅಲ್ಲಿಂದಾಚೆ ನೆಲ ಬದಲಾಗುತ್ತದೆ. ಪದರ ಪದರವಾದ ಬೂದು ಬಂಡೆಗಳು ನೆಲದಿಂದ ಎದ್ದು ನಿಂತಿವೆ. ಒಣ ಗುಡ್ಡಗಳ ಮೇಲೆ ಥೈಮ್ ಗಿಡ ಹಾಸಿಕೊಂಡಿದೆ. ಗಣಿಗಾರಿಕೆಯ ಕಾಲದಲ್ಲಿ ಬಂದ ಗಿಡ ಅದು, ಈಗ ಕಾಡುಗಿಡ. ಹೂವಿನ ಕಾಲವಲ್ಲ, ಆದರೂ ಸೈಕಲ್ಲಿನ ಚಕ್ರ ಅಂಚಿಗೆ ಸರಿದು ಅದನ್ನು ತುಳಿದರೆ ಘಮ್ಮೆನ್ನುತ್ತದೆ. ಈ ನಾಡಿನಲ್ಲಿ ಮಳೆ ಬಹಳ ಕಡಿಮೆ. ಪಶ್ಚಿಮದ ಎತ್ತರದ ಬೆಟ್ಟಗಳು ಮೋಡದ ನೀರನ್ನೆಲ್ಲ ಅಲ್ಲೇ ಇಳಿಸಿಕೊಳ್ಳುತ್ತವೆ.

ಚಾಟೊ ಕ್ರೀಕ್‌ನಲ್ಲಿ ಒಂದು ಹಳೇ ಪಬ್ಬು, ಅದರ ಹತ್ತಿರ ಒಂದು ಪುಟ್ಟ ಅಂಚೆ ಕಚೇರಿ. ಒಳಗೆ ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲ. ಊಟ ಮಾಡಿ ಹೊರಟರೆ ಟೈಗರ್ ಹಿಲ್. ಹೆಸರು ಕೇಳಿ ಹೆದರಿದ್ದೆ. ದಾರಿ ಗುಡ್ಡದ ಮೈಯನ್ನು ಬಳಸಿ ಬಳಸಿ ಹತ್ತುತ್ತದೆ. ಒಂದು ತಿರುವಿನಲ್ಲಿ ನಿಂತು ನೋಡಿದರೆ ಸ್ವಲ್ಪ ಹೊತ್ತಿನ ಹಿಂದೆ ದಾಟಿದ ಜಾಗ ಕೆಳಗೆ ಪಕ್ಕದಲ್ಲೇ ಇದೆ. ಅಷ್ಟು ಸುತ್ತಿ ಬಂದದ್ದು ಇಷ್ಟು ಮೇಲಕ್ಕೆ ಬರಲಿಕ್ಕಾ ಅನ್ನಿಸುತ್ತದೆ. ಆದರೆ ಕೆಳಗಿನ ಗೇರಿಗೆ ಹಾಕಿಕೊಂಡು ಮಾತಾಡುತ್ತಾ ತುಳಿಯಬಹುದು. ಏದುಸಿರು ಬರುವುದಿಲ್ಲ. ಏರು ಇದೆ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ, ತೊಡೆಗೆ ಗೊತ್ತಾಗುತ್ತದೆ, ಅಷ್ಟೇ.

ಒಮಾಕಾವ್ ಸ್ಟೇಷನ್ ಇದ್ದ ಊರು. ಅಲ್ಲಿಂದ ಎರಡು ಕಿಲೋಮೀಟರ್ ಪಕ್ಕಕ್ಕೆ ಓಫಿರ್, ಸ್ಟೇಷನ್ ಸಿಗದ ಊರು. ಚಿನ್ನದ ಕಾಲದಲ್ಲಿ ಮೆರೆದದ್ದು ಓಫಿರ್. ರೈಲು ಒಮಾಕಾವ್‌ಗೆ ಬಂತು, ವ್ಯಾಪಾರವೆಲ್ಲ ಅಲ್ಲಿಗೆ ಹೋಯಿತು. ಹಾಗಾಗಿಯೇ ಓಫಿರ್‌ನಲ್ಲಿ ಹಳೆಯದನ್ನು ಕೆಡವುವ ಗೋಜಿಗೆ ಯಾರೂ ಹೋಗಲಿಲ್ಲ ಅನ್ನಿಸುತ್ತದೆ. 1886ರ ಕಲ್ಲಿನ ಅಂಚೆ ಕಚೇರಿ ಹಾಗೇ ನಿಂತಿದೆ. 1880ರ ತೂಗುಸೇತುವೆಯೂ ಇದೆ. ಅವತ್ತು ಮಲಗಿದ್ದು ಅಲ್ಲೇ. 1995ರ ಜುಲೈ 3ರಂದು ಈ ಊರಿನಲ್ಲಿ ಮೈನಸ್ 21.6 ಡಿಗ್ರಿ ಚಳಿ ದಾಖಲಾಗಿದೆ. ಏಪ್ರಿಲ್‌ನಲ್ಲೇ ಬೆಳಿಗ್ಗೆ ಸೈಕಲ್ ಸೀಟಿನ ಮೇಲೆ ಬಿಳಿ ಮಂಜು ಗಟ್ಟಿಯಾಗಿ ಕೂತಿತ್ತು. ಜುಲೈನ ಯೋಚನೆ ಬೇಡ ಅಂತ ಬಿಟ್ಟೆ.

ಎರಡನೇ ದಿನ: ಓಫಿರ್‌ನಿಂದ ವೆಡ್ಡರ್‌ಬರ್ನ್

ಇಡೀ ದಾರಿಯಲ್ಲಿ ಒಂದೇ ದಿನ ಆರಿಸಿಕೋ ಅಂದರೆ ನಾನು ಇದನ್ನೇ ಆರಿಸುತ್ತೇನೆ.

ಲಾಡರ್ ಅನ್ನುವ ಊರು ಮೊದಲು ಬರುತ್ತದೆ. ಇಲ್ಲಿನ ಗಾಳಿ, ಆಕಾಶ ಎಷ್ಟು ಶುಭ್ರ ಅಂದರೆ, ಓಜೋನ್ ಪದರ ಅಳೆಯುವ ಸಂಶೋಧನಾ ಕೇಂದ್ರವನ್ನು ಇಲ್ಲೇ ಇಟ್ಟಿದ್ದಾರೆ. ಊರು ದಾಟಿದ ಮೇಲೆ ಮನುಹೆರಿಕಿಯಾ ನದಿಗೆ ಉದ್ದನೆಯ ಸೇತುವೆ, ನೂರು ಮೀಟರಿಗೂ ಜಾಸ್ತಿ. ಹಲಗೆಯ ಮೇಲೆ ಚಕ್ರ ಓಡುವಾಗ ಗಡಗಡ ಸದ್ದು. ಅಕ್ಕ ಹಿಂದೆ ಹೋಗಿ ಇನ್ನೊಂದು ಸಲ ಓಡಿಸಿಕೊಂಡು ಬಂದಳು, ಆ ಸದ್ದಿಗೋಸ್ಕರ.

ಆಮೇಲೆ ಪೂಲ್‌ಬರ್ನ್ ಕಮರಿ. ಕಾರಿನ ರಸ್ತೆ ಇಲ್ಲಿಗೆ ಬರುವುದಿಲ್ಲ. ರೈಲಿಗೆ ಬೇರೆ ದಾರಿ ಇಲ್ಲದ್ದರಿಂದ ಈ ಕಮರಿಯ ಗೋಡೆಗೇ ಅಂಟಿಕೊಂಡು ಹೋಗಿದೆ. ಎರಡು ಸುರಂಗ, ಒಂದು 201 ಮೀಟರ್, ಇನ್ನೊಂದು 229 ಮೀಟರ್. ಎರಡರಲ್ಲೂ ದೀಪ ಇಲ್ಲ, ಟಾರ್ಚು ಬೇಕೇ ಬೇಕು. ಸೈಕಲ್ಲಿಂದ ಇಳಿದು ನಡೆದೆವು. ಬಾಯಿಯಿಂದ ಹತ್ತಿಪ್ಪತ್ತು ಹೆಜ್ಜೆ ಹೋದರೆ ಸಾಕು, ಚಳಿ ಬೇರೆಯದೇ ಆಗುತ್ತದೆ. ಟಾರ್ಚಿನ ಬೆಳಕು ಗೋಡೆಯ ಮೇಲೆ ಬಿಟ್ಟರೆ ಉಳಿಯ ಗಾಯಗಳು ಕಾಣುತ್ತವೆ. ಕೊರೆದವರು ಈ ಕಮರಿಯಲ್ಲೇ ಡೇರೆ ಹಾಕಿಕೊಂಡು ಇದ್ದವರು. ಚಳಿಗಾಲವೆಂದರೆ ಅದೇ ಓಫಿರ್ ಚಳಿಗಾಲ. ಗುದ್ದಲಿ, ಹಾರೆ, ಕೈಬಂಡಿ, ಸಿಡಿಮದ್ದು. ಮೀಟರಿಗೆ ಎಷ್ಟು ದಿನ ಹಿಡಿಯಿತೋ ಅಂತ ಲೆಕ್ಕ ಹಾಕುತ್ತಾ ನಡೆದೆ.

ಎರಡು ಸುರಂಗಗಳ ಹಾದಿಯಲ್ಲೇ ಪೂಲ್‌ಬರ್ನ್ ಮೇಲ್ಸೇತುವೆ ಇದೆ. ಕಣಿವೆಯ ತಳದಿಂದ 37 ಮೀಟರ್ ಎತ್ತರ. ಕಂಬಗಳು ಅಲ್ಲೇ ಸಿಕ್ಕ ಕಲ್ಲಿನವು, ಮೇಲೆ ಕಬ್ಬಿಣದ ತೊಲೆಗಳು. ಕಂಬದ ಕಲ್ಲುಗಳನ್ನು ಹತ್ತಿರದಿಂದ ನೋಡಿದೆ. ಅಂಚುಗಳನ್ನು ಎಷ್ಟು ನೇರ ಕಡಿದಿದ್ದಾರೆ ಅಂದರೆ, ಅದನ್ನು ಹೊಗಳುವ ಜನ ಇಲ್ಲಿಗೆ ಎಂದೋ ಒಂದು ದಿನ ಬರುತ್ತಾರೆ ಅಂತ ಗೊತ್ತಿದ್ದವರ ಹಾಗೆ. ರೈಲಿನಲ್ಲಿ ಕೂತವರಿಗೆ ಇದು ಕಾಣಿಸುತ್ತಲೇ ಇರಲಿಲ್ಲ. ಅವರು ಅದರ ಮೇಲೆ ಇರುತ್ತಿದ್ದರು, ಅಲ್ವಾ?

ಕಮರಿಯಿಂದ ಹೊರಗೆ ಬಂದರೆ ಇಡಾ ಕಣಿವೆ. ಒಮ್ಮೆಲೇ ಎಲ್ಲ ಬಯಲು. ಉತ್ತರಕ್ಕೆ ಹಾಕ್‌ಡನ್ ಬೆಟ್ಟಸಾಲು, ಮೇಲ್ಭಾಗ ಚಪ್ಪಟೆ, ಆಗಲೇ ಅಲ್ಲಲ್ಲಿ ಹಿಮ. ದಾರಿ ಸೂಜಿ ನೇರ. ಈ ನೇರ ದಾರಿ ನೋಡಲು ಚೆಂದ, ತುಳಿಯಲು ಬೇಸರ. ಎಷ್ಟು ತುಳಿದರೂ ಮುಂದಿನ ಮರಗಳ ಗುಂಪು ಹತ್ತಿರ ಬರುವುದಿಲ್ಲ. ನಡುನಡುವೆ ಹಳಿ ಕಾಯುವ ಗ್ಯಾಂಗಿನವರ ಪುಟ್ಟ ತಗಡಿನ ಗುಡಿಸಲುಗಳಿವೆ. ಈಗ ಅವುಗಳ ಒಳಗೆ ಊರಿನ ಕಥೆ ಹೇಳುವ ಫಲಕ ಹಾಕಿದ್ದಾರೆ. ಗಾಳಿಗೆ ಮರೆ ಸಿಗುತ್ತದೆ ಅಂತ ನಾನು ಎಲ್ಲ ಫಲಕಗಳನ್ನೂ ಪೂರ್ತಿ ಓದಿದೆ.

ಓಟುರೆಹುವಾದಲ್ಲಿ ಹೇಯ್ಸ್ ಕಾರ್ಖಾನೆ ಸಿಕ್ಕಿತು. ಇದರ ಬಗ್ಗೆ ಮೊದಲೇ ಓದಿದ್ದೆ, ಆದರೂ ಇಷ್ಟು ಹೊತ್ತು ನಿಲ್ಲುತ್ತೇವೆ ಅಂದುಕೊಂಡಿರಲಿಲ್ಲ. ಅರ್ನೆಸ್ಟ್ ಹೇಯ್ಸ್ ಅನ್ನುವವನು 1895ರಲ್ಲಿ ಇಲ್ಲಿ ಉಪಕರಣ ಮಾಡಲು ಶುರು ಮಾಡಿದ. ಆಗ ಈ ಸೀಮೆಯಲ್ಲಿ ಮೊಲದ ಕಾಟ ವಿಪರೀತ. ಮೊಲಕ್ಕೆ ಇಡುವ ವಿಷದ ಉಂಡೆ ಕತ್ತರಿಸುವ ಯಂತ್ರ ಅವನ ಮೊದಮೊದಲ ಕೆಲಸಗಳಲ್ಲಿ ಒಂದು. ಆಮೇಲೆ ಬೇಲಿಯ ತಂತಿ ಬಿಗಿಯುವ ಸಾಧನ ಮಾಡಿದ. ಅದು ಹೊರದೇಶಗಳಿಗೂ ಹೋಯಿತು. ಮಾಡುವವನು ಅವನು ಸರಿ, ಮಾರುವವರು ಯಾರು? ಹೆಂಡತಿ ಹ್ಯಾನಾ. ಸೈಕಲ್ಲಿನ ಮೇಲೆ ಕುರಿ ಫಾರಂನಿಂದ ಫಾರಂಗೆ ಹೋಗಿ ಆರ್ಡರ್ ತರುತ್ತಿದ್ದಳು. ಆ ಕಾಲದ ಉದ್ದ ಲಂಗ, ಆ ಕಾಲದ ಭಾರದ ಸೈಕಲ್ಲು, ಹೆಸರಿಗೆ ಮಾತ್ರ ರಸ್ತೆ, ಮನೆಯಲ್ಲಿ ಮಕ್ಕಳು. ಆಗ ರೈಲೂ ಇನ್ನೂ ಇತ್ತ ಬಂದಿರಲಿಲ್ಲ! ಅವಳಿಗೆ ಸುತ್ತು ಹಾಕಿ ಏರು ಇಳಿಸಿಕೊಟ್ಟವರು ಯಾರೂ ಇರಲಿಲ್ಲ.

ಕಾರ್ಖಾನೆ ಈಗಲೂ ಹಾಗೇ ಇದೆ. ತಗಡಿನ ಗೋಡೆ, ತಲೆಯ ಮೇಲೆ ಉದ್ದನೆ ಶಾಫ್ಟು, ಅದರಿಂದ ಪ್ರತಿ ಯಂತ್ರಕ್ಕೂ ಇಳಿದ ಚರ್ಮದ ಬೆಲ್ಟು. ಮೊದಲು ಗಾಳಿಯಂತ್ರದಿಂದ ಇವನ್ನೆಲ್ಲ ತಿರುಗಿಸುತ್ತಿದ್ದರು, ಆಮೇಲೆ ನೀರಿನ ಚಕ್ರ ಬಂತು. ಗೋಡೆಗೆ ನೇತುಹಾಕಿದ ಸಲಕರಣೆಗಳನ್ನು ನೋಡುತ್ತಾ ಅಕ್ಕ, "ಹ್ಯಾನಾಗೆ ಬ್ಯಾಟರಿ ಸೈಕಲ್ ಸಿಕ್ಕಿದ್ರೆ ಬೇಡ ಅಂತಿದ್ಲಾ?" ಅಂದಳು. ಉತ್ತರ ಹೊಳೆಯಲಿಲ್ಲ.

ಅದೇ ಊರಿನಲ್ಲಿ ನೂರು ವರ್ಷ ದಾಟಿದ ಗಿಲ್‌ಕ್ರಿಸ್ಟ್ ಅಂಗಡಿ ಇದೆ. ಮರದ ಕಪಾಟುಗಳಲ್ಲಿ ಹಳೇ ಡಬ್ಬಗಳು. ಅವು ಪ್ರದರ್ಶನಕ್ಕೆ, ಪಕ್ಕದಲ್ಲಿ ಇವತ್ತಿನ ಸಾಮಾನು ಮಾರಾಟಕ್ಕೆ. ಚೀಸ್ ರೋಲ್ ತಿಂದೆವು. ದ್ವೀಪದ ಈ ದಕ್ಷಿಣ ಭಾಗದವರ ತಿಂಡಿ ಇದು. ಬ್ರೆಡ್ಡಿಗೆ ಚೀಸಿನ ಮಿಶ್ರಣ ಸವರಿ, ಸುತ್ತಿ, ಸುಟ್ಟು, ಮೇಲೆ ಬೆಣ್ಣೆ. ಸೈಕಲ್ ತುಳಿದವರು ಲೆಕ್ಕ ಇಡದೆ ತಿನ್ನಬಹುದು.

ಊರು ದಾಟಿ ಏರುತ್ತಾ ಹೋದರೆ ದಾರಿಯ ಅತಿ ಎತ್ತರದ ಜಾಗ, ಸಮುದ್ರಮಟ್ಟದಿಂದ 618 ಮೀಟರ್. ಶಿಖರ ಗಿಖರ ಏನಿಲ್ಲ, ಬಯಲಿನ ನಡುವೆ ಒಂದು ಫಲಕ. ಅದಿಲ್ಲದಿದ್ದರೆ ದಾಟಿದ್ದೇ ಗೊತ್ತಾಗುತ್ತಿರಲಿಲ್ಲ. ಅಲ್ಲಿಂದ ಪೆಡಲ್ ತುಳಿಯದೆ ಸುಮ್ನೆ ಕೂತರೂ ಸೈಕಲ್ಲು ಇಳಿಯುತ್ತದೆ. ವೆಡ್ಡರ್‌ಬರ್ನ್‌ನಲ್ಲಿ ಹಸಿರು ಬಣ್ಣದ ಹಳೇ ಗೂಡ್ಸ್ ಶೆಡ್ಡು ಒಂಟಿಯಾಗಿ ನಿಂತಿದೆ. ಹೆಸರಾಂತ ಚಿತ್ರಕಾರರೊಬ್ಬರು ಇದನ್ನು ಬಿಡಿಸಿ ದೇಶಕ್ಕೆಲ್ಲ ಗೊತ್ತಾಗಿತ್ತು. ರೈಲು ನಿಂತ ಮೇಲೆ ಶೆಡ್ಡನ್ನು ಬೇರೆ ಕಡೆಗೆ ಸಾಗಿಸಿದ್ದರು. ಊರವರು ಬಿಡಲಿಲ್ಲ, ವಾಪಸ್ ತಂದು ನಿಲ್ಲಿಸಿದರು. ಒಳಗೆ ಸರಕಿಲ್ಲ, ಹೊರಗೆ ಫೋಟೋ ತೆಗೆಯುವವರ ಸಾಲು.

ಮೂರನೇ ದಿನ: ವೆಡ್ಡರ್‌ಬರ್ನ್‌ನಿಂದ ಹೈಡ್

ಬೆಳಿಗ್ಗೆ ರಾನ್‌ಫರ್ಲಿವರೆಗೆ ಇಳಿಜಾರು, ಒಂದು ತಾಸೂ ಹಿಡಿಯಲಿಲ್ಲ. ಇದು ಈ ಬಯಲು ಸೀಮೆಗೆ ದೊಡ್ಡ ಊರು. ಸೀಮೆಯ ಹೆಸರು ಮನಿಯೊಟೊಟೊ. 1930ರ ದಶಕದಲ್ಲಿ ಇಲ್ಲಿ ಬೆಂಕಿ ಬಿದ್ದು ಕಟ್ಟಡಗಳು ಸುಟ್ಟುಹೋದವು. ಮತ್ತೆ ಕಟ್ಟಿದಾಗ ಆ ಕಾಲದ ಫ್ಯಾಷನ್ನಾದ ಆರ್ಟ್ ಡೆಕೊ ಶೈಲಿಯಲ್ಲಿ ಕಟ್ಟಿದರು. ಕುರಿ ಬಯಲಿನ ನಡುವೆ ಆ ದುಂಡು ಮೂಲೆಗಳು, ಗೆರೆ ಗೆರೆ ಗೋಡೆಗಳು ವಿಚಿತ್ರವಾಗಿ ಕಾಣುತ್ತವೆ, ನನಗಂತೂ ಇಷ್ಟವಾಯಿತು. ದೇಶದಲ್ಲೇ ಅತಿ ಕಡಿಮೆ ತಾಪಮಾನ ದಾಖಲಾದದ್ದೂ ಈ ಊರಿನಲ್ಲೇ. 1903ರ ಜುಲೈನಲ್ಲಿ ಮೈನಸ್ 25.6 ಡಿಗ್ರಿ. ಓಫಿರ್ ಪಾಪ, ಚಳಿಯಲ್ಲೂ ಎರಡನೆಯದಾಯಿತು.

ಇನ್ನೊಂದು ತಮಾಷೆ ಇದೆ. ರಾನ್‌ಫರ್ಲಿಯಲ್ಲಿ ಸೂರ್ಯನ ಮಾದರಿ ಇಟ್ಟು, ದಾರಿಯುದ್ದಕ್ಕೂ ಗ್ರಹಗಳನ್ನು ಅಳತೆಗೆ ಸರಿಯಾಗಿ ಜೋಡಿಸಿದ್ದಾರೆ. ನಿಜದ ಹತ್ತು ಕೋಟಿಯಲ್ಲಿ ಒಂದು ಪಾಲು. ಆ ಲೆಕ್ಕದಲ್ಲಿ ಸೂರ್ಯ ಸುಮಾರು 14 ಮೀಟರ್ ಅಗಲ, ಭೂಮಿ 13 ಸೆಂಟಿಮೀಟರಿಗೂ ಕಡಿಮೆ, ನಡುವಿನ ದೂರ ಒಂದೂವರೆ ಕಿಲೋಮೀಟರ್. ಮಂಗಳದವರೆಗೆ ಉತ್ಸಾಹದಿಂದ ಹೋದೆವು. ಗುರುಗ್ರಹಕ್ಕೆ ಎಂಟು ಕಿಲೋಮೀಟರ್ ಹತ್ತಿರ. ಅಷ್ಟರಲ್ಲಿ ದಕ್ಷಿಣದ ಗಾಳಿ ಎದ್ದಿತು.

ಈ ಕಡೆ ದಕ್ಷಿಣದ ಗಾಳಿ ಅಂದರೆ ಹಿಮದ ಕಡೆಯಿಂದ ಬರುವ ಗಾಳಿ. ನಾವು ಹೋಗಬೇಕಾದದ್ದೂ ದಕ್ಷಿಣಕ್ಕೇ. ಇಳಿಜಾರಿನಲ್ಲೂ ತುಳಿಯಬೇಕಾಯಿತು. ಜೊತೆಗೆ ಸಣ್ಣ ಮಳೆ, ಮುಖಕ್ಕೆ ಸೂಜಿ ಚುಚ್ಚಿದ ಹಾಗೆ. ಹಳಿ ಹಾಕಿದವರು ಬೆಟ್ಟಕ್ಕೆ ಉಪಾಯ ಮಾಡಿದರು ನಿಜ, ಗಾಳಿಗೆ ಏನೂ ಮಾಡಲಿಲ್ಲ. ಇಂಜಿನ್ನಿಗೆ ಅದು ಲೆಕ್ಕಕ್ಕೇ ಇರಲಿಲ್ಲವಲ್ಲ. ಅಕ್ಕ ಬ್ಯಾಟರಿಯ ಬಲದಲ್ಲಿ ಮುಂದೆ ಮುಂದೆ ಹೋಗಿ, ನಿಂತು, ಕಾದು, ನಗುತ್ತಿದ್ದಳು. ವೈಪಿಯಾಟಾದಲ್ಲಿ ಬಿಸಿ ಸೂಪಿನ ಮುಂದೆ ಕೂತಾಗ, "ಸೈಕಲ್ ಬದಲಾಯಿಸ್ಕೊಳ್ಳೋಣ್ವಾ? ನಾಚ್ಕೋಬೇಡ," ಅಂದಳು. ಬದಲಾಯಿಸಿಕೊಂಡೆ. ಹತ್ತು ಕಿಲೋಮೀಟರ್ ಸ್ವರ್ಗ. ಆಮೇಲೆ ಅಕ್ಕನ ಮುಖ ನೋಡಿ ವಾಪಸ್ ಕೊಟ್ಟೆ.

ಇದೇ ವೈಪಿಯಾಟಾದ ಹತ್ತಿರ ಒಂದು ಕಾಲದಲ್ಲಿ ಕ್ಷಯರೋಗಿಗಳ ಆಸ್ಪತ್ರೆ ಇತ್ತು. ಒಣ ಹವೆ, ಒಳ್ಳೆ ಗಾಳಿ ಅಂತ ಇಲ್ಲಿಗೆ ಕಳಿಸುತ್ತಿದ್ದರಂತೆ. ಅವತ್ತಿನ ಗಾಳಿಯನ್ನು ಯಾರಾದರೂ ಒಳ್ಳೆಯದು ಅಂದಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ.

ಕೊಕೊಂಗಾ ದಾಟಿದ ಮೇಲೆ ಟಯೇರಿ ನದಿಯ ಜೊತೆ ದಾರಿ ಕಣಿವೆಗೆ ಇಳಿಯುತ್ತದೆ. ಗಾಳಿ ಸ್ವಲ್ಪ ಮರೆಯಾಯಿತು. ಇನ್ನೊಂದು ಸುರಂಗ, 150 ಮೀಟರಿನಷ್ಟು. ಅದರ ಹತ್ತಿರವೇ ಪ್ರೈಸಸ್ ಕ್ರೀಕ್ ಮೇಲ್ಸೇತುವೆ. ಚೆಂದವಿತ್ತು ಅಂತ ಫೋಟೋ ಹೇಳುತ್ತದೆ. ನನಗೆ ಆ ಹೊತ್ತಿಗೆ ಬೇಕಿದ್ದದ್ದು ಒಣ ಕಾಲುಚೀಲ ಮಾತ್ರ.

ಕೊನೆಯ ದಿನ: ಹೈಡ್‌ನಿಂದ ಮಿಡಲ್‌ಮಾರ್ಚ್

ಉಳಿದದ್ದು 27 ಕಿಲೋಮೀಟರ್. ಗಾಳಿ ನಿಂತಿತ್ತು, ಬಿಸಿಲು. ಬಲಕ್ಕೆ ರಾಕ್ ಅಂಡ್ ಪಿಲ್ಲರ್ ಬೆಟ್ಟಸಾಲು, ರಾತ್ರಿ ಬಿದ್ದ ಹಿಮ ನೆತ್ತಿಯ ಮೇಲಿತ್ತು.

ಹೈಡ್ ಬಿಟ್ಟು ಸ್ವಲ್ಪ ದೂರದಲ್ಲಿ ದಾರಿ ಒಂದು ಕೊರಕಲಿನೊಳಗೆ ತಿರುಗುತ್ತದೆ. 1943ರ ಜೂನ್ 4ರಂದು ಕ್ರಾಮ್ವೆಲ್‌ನಿಂದ ಡನೀಡನ್‌ಗೆ ಹೊರಟಿದ್ದ ಎಕ್ಸ್‌ಪ್ರೆಸ್ ರೈಲು ಇಲ್ಲಿ ಹಳಿ ತಪ್ಪಿತು. ಗಂಟೆಗೆ 48 ಕಿಲೋಮೀಟರ್ ಮೀರಬಾರದ ತಿರುವು. ರೈಲು ಅದಕ್ಕಿಂತ ದುಪ್ಪಟ್ಟು ವೇಗದಲ್ಲಿತ್ತು. 113 ಜನರಲ್ಲಿ 21 ಮಂದಿ ಸತ್ತರು. ರಜೆಯ ವಾರಾಂತ್ಯಕ್ಕೆ, ಕುದುರೆ ಪಂದ್ಯಕ್ಕೆ, ಪಟ್ಟಣದ ಜಾತ್ರೆಗೆ ಅಂತ ಹೊರಟವರು. ಚಾಲಕ ಕುಡಿದಿದ್ದ, ಮೂರು ವರ್ಷ ಜೈಲಾಯಿತು. ದಾರಿಯ ಹತ್ತಿರ ಒಂದು ಕಲ್ಲಿನ ಸ್ಮಾರಕ ಇದೆ.

ನಾನು ಆ ತಿರುವಿನಲ್ಲಿ ಸೈಕಲ್ ತಳ್ಳಿಕೊಂಡು ಹೋದೆ. ತಿರುವು ತೀರಾ ಸಾಧಾರಣ. ಹೋದ ದಿನಗಳಲ್ಲಿ ಇಂಥವು ಎಷ್ಟೋ ದಾಟಿದ್ದೆವು. ಸುತ್ತಿ ಬಳಸಿ ಹೋಗುವ ದಾರಿಗೆ ಬೇಕಾದ್ದು ನಿಧಾನ. ಬೆಟ್ಟದ ಏರು ಇಳಿಸಲೆಂದು ಹಾಕಿದ ತಿರುವುಗಳು, ವೇಗವಾಗಿ ಬಂದ ಬಂಡಿಯನ್ನು ಎತ್ತಿ ಎಸೆಯುತ್ತವೆ. ನಮಗೆ ಸಲೀಸಾದದ್ದು ಅವರಿಗೆ ಮುಳುವಾಯಿತು. ಅಕ್ಕನೂ ಇಳಿದು ನಡೆದಳು. ಇಬ್ಬರೂ ಜಾಸ್ತಿ ಮಾತಾಡಲಿಲ್ಲ.

ಆಮೇಲಿನ ದಾರಿ ಸಪಾಟು. ಹೊಲ, ಕುರಿ, ಬೇಲಿ, ಹೇಯ್ಸ್ ಮಾಡಿದಂಥದೇ ತಂತಿ ಬಿಗಿಯುವ ಸಾಧನಗಳು. ಎರಡು ದಿನದ ಹಿಂದೆ ಅವು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಒಂದು ಕಡೆ ಮುಳ್ಳು ಚುಚ್ಚಿ ನನ್ನ ಟೈರು ಪಂಕ್ಚರ್. ಅಕ್ಕನ ಬ್ಯಾಗಿನಲ್ಲಿ ಟ್ಯೂಬು ಇತ್ತು, ಬ್ಯಾಟರಿ ಸೈಕಲ್ಲಿನವಳೇ ಹಾಕಿಕೊಟ್ಟಳು.

ಮಿಡಲ್‌ಮಾರ್ಚ್‌ನಲ್ಲಿ ಸೈಕಲ್ ದಾರಿ ಮುಗಿಯುತ್ತದೆ, ಹಳಿ ಶುರುವಾಗುತ್ತದೆ. ಇಲ್ಲಿಂದ ಡನೀಡನ್ ಕಡೆಗಿನ ಮಾರ್ಗವನ್ನು ಕೀಳಲಿಲ್ಲ. ಅಲ್ಲಿನ ನಗರಸಭೆ ಅದನ್ನು ಕೊಂಡುಕೊಂಡು ಪ್ರವಾಸಿ ರೈಲಿಗೆ ಉಳಿಸಿಕೊಂಡಿತು. ಒಂದು ಕಾಲದಲ್ಲಿ ಈ ಊರಿನ ಒಂಟಿ ರೈತ ಹುಡುಗರಿಗೆ ಹೆಣ್ಣು ಸಿಗಲಿ ಅಂತ ದೊಡ್ಡ ನೃತ್ಯಕೂಟ ಇಟ್ಟು, ಡನೀಡನ್‌ನಿಂದ ರೈಲು ತುಂಬ ಹುಡುಗಿಯರನ್ನು ಕರೆತರುತ್ತಿದ್ದರು. ಕೆಲವು ಮದುವೆಗಳೂ ಆದವಂತೆ.

ಸೈಕಲ್ ವಾಪಸ್ ತೆಗೆದುಕೊಂಡ ಹುಡುಗ ಅಕ್ಕನ ಬ್ಯಾಟರಿ ನೋಡಿದ. ನನ್ನ ಟೈರು ನೋಡಿದ. ಏನೂ ಹೇಳಲಿಲ್ಲ. ವ್ಯಾನಿಗೆ ಕಾಯುತ್ತಾ ಅಕ್ಕ ಗೋಡೆಯ ಮೇಲಿನ ನಕ್ಷೆ ಓದುತ್ತಿದ್ದಳು. ಕ್ಲೈಡ್‌ನಿಂದ ಕ್ರಾಮ್ವೆಲ್‌ಗೆ, ಮುಳುಗಿದ ರೈಲು ಮಾರ್ಗ ಇದ್ದ ಕಮರಿಯಲ್ಲೇ, ಅಣೆಕಟ್ಟಿನ ಹಿನ್ನೀರಿನ ಅಂಚಿಗೆ 2021ರಲ್ಲಿ ಇನ್ನೊಂದು ಸೈಕಲ್ ದಾರಿ ಮಾಡಿದ್ದಾರೆ. ಬಂಡೆಯ ಗೋಡೆಗೆ ತೂಗುಹಾಕಿದ ಸೇತುವೆಗಳೂ ಇವೆ.

"ಅಲ್ಲಿ ಏರು ಜೋರಂತೆ ಕಣೇ. ಅದನ್ನು ರೈಲಿಗೆ ಅಂತ ಮಾಡಿದ್ದಲ್ಲ."

ಯಾವಾಗ ಹೋಗೋಣ ಅಂತ ಕೇಳಿದೆ. ನನಗೂ ಬ್ಯಾಟರಿ ಸೈಕಲ್ಲೇ ಬುಕ್ ಮಾಡು ಅಂತಲೂ ಹೇಳಿದೆ.